ಬೆಕ್ಕಿಗೊಂದು ಕಟಿಂಗ್

ಏಪ್ರಿಲ್ 4

ಬೆಕ್ಕಿನ ಮುಂದೆ ಸೋಲುವ ಜಾಯಮಾನ ನನ್ನದಲ್ಲ. ಇದನ್ನು ಮೊದಲ ಸಾಲಿನಲ್ಲೇ ಬರೆದಿಟ್ಟುಬಿಡುತ್ತೇನೆ, ಆಮೇಲೆ ಗೊಂದಲ ಬೇಡ.

ಇವತ್ತು ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಎರಡು ವಾರದಿಂದ ಒಂದೇ ಸಮನೆ ಸೀನು, ಮೂಗು ನಲ್ಲಿಯಂತೆ ಸೋರುತ್ತದೆ, ಕಣ್ಣು ಉಜ್ಜಿ ಉಜ್ಜಿ ಕೆಂಪಾಗಿದೆ. ಅವರು ಟಾರ್ಚ್ ಹಾಕಿ ಮೂಗಿನೊಳಗೆ ಇಣುಕಿ, "ಮನೇಲಿ ಹೊಸದಾಗಿ ಏನಾದ್ರೂ ಬಂದಿದೆಯಾ?" ಎಂದು ಕೇಳಿದರು. ಹೊಸದಾಗಿ ಬಂದದ್ದು ಒಂದೇ ಎರಡೇ. ಐವತ್ತು ದಾಟಿದ ಮೇಲೆ ನನಗೆ ಹೆಂಡತಿ ಬಂದಿದ್ದಾಳೆ. ಅವಳ ಹಿಂದೆ ಅವಳ ಹನ್ನೆರಡು ವರ್ಷದ ಮಗಳು ಬಂದಿದ್ದಾಳೆ. ಮಗಳ ಹಿಂದೆ ಒಂದು ಹಳದಿ ದಡೂತಿ ಬೆಕ್ಕು ಬಂದಿದೆ.

"ಹಾಗಿದ್ರೆ ಬೆಕ್ಕೇ. ಹೆಂಡತಿ ಮೇಲೆ ಅನುಮಾನ ಪಡೋದು ಬೇಡ" ಎಂದು ಡಾಕ್ಟರಮ್ಮ ನಕ್ಕು, ಇನ್ನೂ ಏನೋ ವಿವರಿಸಲು ಹೊರಟರು. ನಾನು ಕೈ ಅಡ್ಡ ಹಿಡಿದೆ. "ಕೂದಲಿನ ವಿಷಯ ನನಗೆ ಬಿಡಿ ಡಾಕ್ಟ್ರೇ. ಹುಟ್ಟಿದಾಗಿಂದ ಅದನ್ನೇ ನೋಡ್ತಿದ್ದೀನಿ." ನನ್ನಪ್ಪನಿಂದ ಬಂದ ಕಟಿಂಗ್ ಅಂಗಡಿ ನನ್ನದು. ಈ ಬೀದಿಯ ಅರ್ಧ ತಲೆಗಳು ನನ್ನ ಕೈಯಲ್ಲೇ ನರೆತಿವೆ. ಅವರು ಮಾತ್ರೆ ಬರೆದುಕೊಟ್ಟು, ಯಾವಾಗ ಜಾಸ್ತಿಯಾಗುತ್ತದೆ, ಯಾವಾಗ ಕಡಿಮೆಯಾಗುತ್ತದೆ ಎಂದು ಬರೆದಿಡಿ ಎಂದರು. ಒಬ್ಬ ಗಿರಾಕಿ ಹೊಸ ವರ್ಷಕ್ಕೆ ಕೊಟ್ಟ ಈ ಡೈರಿ ಖಾಲಿ ಬಿದ್ದಿತ್ತು. ಬರೆಯುತ್ತೇನೆ, ಆದರೆ ಯಾರಿಗೂ ತೋರಿಸುವುದಿಲ್ಲ. ನನ್ನ ಮೂಗಿನ ಸಮಾಚಾರ ನನ್ನ ಹತ್ತಿರವೇ ಇರಲಿ.

"ಬೆಕ್ಕನ್ನ ಬೇರೆ ಕಡೆ ಕಳಿಸೋಕಾಗುತ್ತಾ?" ಎಂದೂ ಕೇಳಿದರು. ಆಗುವುದಿಲ್ಲ. ಅಪ್ಪ ತೀರಿಕೊಂಡ ಮೇಲೆ ಹುಡುಗಿ ಅಜ್ಜಿಯ ಮನೆಯಲ್ಲಿ ಬೆಳೆದವಳು. ಇವಳು, ಅಂದರೆ ನನ್ನ ಹೆಂಡತಿ, ದುಡಿಯಲು ಊರು ಬಿಟ್ಟು ಬಂದು, ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ಮಗಳ ಮುಖ ನೋಡಿ ಬರುತ್ತಿದ್ದಳು. ಈಗ ಶಾಲೆಯ ರಜೆಗೆ ಹುಡುಗಿ ನಮ್ಮ ಮನೆಗೆ ಬಂದಿದ್ದಾಳೆ. ಮೇ ಕೊನೆಗೆ ಅಜ್ಜಿ ಬರುತ್ತಾರೆ. ಅಷ್ಟರಲ್ಲಿ ಇಲ್ಲೇ ಉಳಿಯುವುದೋ, ವಾಪಸ್ ಹೋಗುವುದೋ ಅವಳೇ ಹೇಳಬೇಕು ಎಂದು ತಾಯಿ ಮಗಳ ನಡುವೆ ಮಾತಾಗಿದೆ. ಹೊಸ್ತಿಲು ದಾಟುವ ಮೊದಲೇ ಅವಳು ಹೇಳಿದ್ದು ಒಂದೇ ಮಾತು: "ಇವನಿದ್ರೆ ನಾನಿರ್ತೀನಿ." ಅಂದರೆ ಬೆಕ್ಕು ಹೋದರೆ ಹುಡುಗಿ ಹೋಗುತ್ತಾಳೆ, ಇವಳು ಮತ್ತೆ ಬಸ್ ನಿಲ್ದಾಣದಲ್ಲಿ ನಿಲ್ಲಬೇಕಾಗುತ್ತದೆ. ನಾನು ಬದುಕಿರುವಾಗ ಅದು ಆಗಕೂಡದು. ಆದ್ದರಿಂದ ಮನೆಯಲ್ಲಿ ಯಾರಿಗೂ ಏನೂ ಹೇಳಿಲ್ಲ.

ಏಪ್ರಿಲ್ 7

ಬೆಕ್ಕಿನ ಹೆಸರು ದೊರೆ. ಹೆಸರಿಗೆ ತಕ್ಕ ಗತ್ತು. ಸೋಫಾದಲ್ಲಿ ನನ್ನ ಜಾಗದಲ್ಲೇ ಮಲಗುತ್ತದೆ. ನಾನು ಹತ್ತಿರ ಹೋದರೆ ಒಂದು ಕಣ್ಣು ತೆರೆದು ನೋಡಿ, ನಿಂತಿರು ಪರವಾಗಿಲ್ಲ ಎನ್ನುವ ಹಾಗೆ ಮತ್ತೆ ಮುಚ್ಚುತ್ತದೆ. ನನ್ನ ಮನೆಯಲ್ಲಿ ನಾನೇ ಮರದ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದೇನೆ.

ಅಂಗಡಿಯಲ್ಲಿ ಸೀನನ್ನು ಹದ್ದುಬಸ್ತಿನಲ್ಲಿ ಇಡುವ ಕ್ರಮವನ್ನು ಕಂಡುಕೊಂಡಿದ್ದೇನೆ. ಸೀನು ಬರುವ ಮೊದಲು ಮೂಗಿನ ಬುಡದಲ್ಲಿ ಕಚಗುಳಿಯಾಗುತ್ತದೆ. ಆದ ಕ್ಷಣ ಕತ್ತಿ ಹಿಡಿದ ಕೈ ಮೇಲಕ್ಕೆ, ಮೈ ಎಡಕ್ಕೆ, ಮುಖ ಮೊಣಕೈಯೊಳಕ್ಕೆ. ಸೀನಿ ಮುಗಿಸಿ, ಕೈ ತೊಳೆದು, ಬಿಟ್ಟ ಜಾಗದಿಂದಲೇ ಮತ್ತೆ ಶುರು. ಗಿರಾಕಿಗೆ ಕನ್ನಡಿಯಲ್ಲಿ ಕಾಣುವುದು ನಾನು ಒಂದು ಸುತ್ತು ತಿರುಗಿದ್ದು ಮಾತ್ರ. ನನ್ನ ಕತ್ತಿಯಿಂದ ಇದುವರೆಗೆ ಒಬ್ಬ ಗಿರಾಕಿಯ ಮುಖದಲ್ಲೂ ರಕ್ತ ಬಂದಿಲ್ಲ. ಇದನ್ನು ನಾನಾಗಿ ಹೇಳಿಕೊಳ್ಳುವುದಿಲ್ಲ, ಬಂದವರೇ ಹೇಳುತ್ತಾರೆ. ಹೇಳದಿದ್ದರೆ ನೆನಪಿಸುತ್ತೇನೆ.

ಸಂಜೆ ಇವಳು ಕೇಳಿದಳು. "ರೀ, ಯಾಕ್ರೀ ನಿಮ್ಮ ಕಣ್ಣು ಹೀಗಾಗಿದೆ?"

"ಅಂಗಡೀಲಿ ಪೌಡರ್ ಧೂಳು."

"ಇಷ್ಟು ವರ್ಷ ಇಲ್ಲದ್ದು?"

"ಹೊಸ ಪೌಡರ್."

ಹುಡುಗಿ ಪುಸ್ತಕದಿಂದ ತಲೆಯೆತ್ತಿ ನನ್ನನ್ನು ನೋಡಿ, ಮತ್ತೆ ಓದತೊಡಗಿದಳು. ಅವಳು ನನ್ನನ್ನು ಅಂಕಲ್ ಎನ್ನುತ್ತಾಳೆ, ಅದೂ ತೀರಾ ಅಗತ್ಯ ಬಿದ್ದಾಗ. ಇರಲಿ. ಬೀದಿಯ ಮಕ್ಕಳಿಗೆಲ್ಲ ನಾನು ಅಂಕಲ್ಲೇ.

ಏಪ್ರಿಲ್ 11

ಇವತ್ತು ಅಂಗಡಿಗೆ ವಾರದ ರಜೆ. ತಾಯಿ ಮಗಳು ಬಟ್ಟೆ ತರಲು ಪೇಟೆಗೆ ಹೋದರು. ದೊರೆ ಮತ್ತು ನಾನು ಇಬ್ಬರೇ. ಕೆಲಸ ಮುಗಿಸಿಬಿಟ್ಟೆ.

ತೊಂದರೆ ಕೂದಲಿನದು ಎಂದಾದರೆ ಕೂದಲು ತೆಗೆಯುವವನು ಮನೆಯಲ್ಲೇ ಇದ್ದಾನಲ್ಲ, ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ. ಮೂಗಿಗೆ ಬಟ್ಟೆ ಕಟ್ಟಿಕೊಂಡೆ. ಮಷಿನ್ ಸದ್ದಿಗೆ ಬೆಕ್ಕು ಬೆದರುತ್ತದೆ ಎಂದು ಮೊದಲು ಅದನ್ನು ಖಾಲಿ ಓಡಿಸಿ ಪಕ್ಕದಲ್ಲಿಟ್ಟೆ. ಒಂದು ತುಂಡು ಮೀನು ಕೊಟ್ಟೆ. ಕಿವಿಯ ಹಿಂದೆ ಕೆರೆಯುತ್ತಾ ಕುತ್ತಿಗೆಯಿಂದ ಶುರು ಮಾಡಿದೆ. ಕೈಕಾಲು ಬಡಿದು ಅಂಗಡಿ ಎತ್ತಿ ಹಾಕುವ ಮಕ್ಕಳನ್ನೇ ಕೂರಿಸಿ ಕಟಿಂಗ್ ಮಾಡಿದವನಿಗೆ ಇದೇನು ಮಹಾ. ಹೊಟ್ಟೆಯ ಕಡೆ ಚರ್ಮ ಸಡಿಲ, ಅಲ್ಲಿ ಬೆರಳಲ್ಲಿ ಎಳೆದು ಹಿಡಿದು ನಿಧಾನಕ್ಕೆ ಹೋದೆ. ತಲೆ ಸುತ್ತ ಕೇಸರ ಬಿಟ್ಟೆ, ಬಾಲದ ತುದಿಗೆ ಒಂದು ಕುಚ್ಚು ಬಿಟ್ಟೆ. ಮೀಸೆ ಮುಟ್ಟಲಿಲ್ಲ. ಮೀಸೆಯ ಬೆಲೆ ನನಗೆ ಗೊತ್ತು.

ಒಂದು ಗೀರಿಲ್ಲ, ಕೂದಲಲ್ಲಿ ಏರುತಗ್ಗಿನ ಒಂದು ಮೆಟ್ಟಿಲಿಲ್ಲ, ಎರಡೂ ಪಕ್ಕ ಸಮ. ದೊರೆ ಎದ್ದು ನಿಂತಾಗ ಪುಟ್ಟ ಸಿಂಹ ನಿಂತ ಹಾಗಿತ್ತು. ಇಷ್ಟು ಒಳ್ಳೆಯ ಕೆಲಸ ಮಾಡಿ ಬಹಳ ದಿನವಾಗಿತ್ತು ಎನ್ನಿಸಿತು.

ಬಾಗಿಲು ತೆರೆದು ಒಳಗೆ ಬಂದ ಹುಡುಗಿ ಕೈಯಲ್ಲಿದ್ದ ಚೀಲ ಕೆಳಗಿಟ್ಟಳು. ದೊರೆ ಓಡಿಹೋಗಿ ಅವಳ ಕಾಲಿನ ಹಿಂದೆ ಅಡಗಿತು. ಸೆಕೆಗಾಲ, ಪಾಪ ಅದಕ್ಕೂ ತಂಪಾಗಲಿ ಎಂದು ಏನೇನೋ ಹೇಳಲು ತಯಾರಾಗಿದ್ದೆ. ಅವಳು ಕೇಳಿದ್ದು ಇಷ್ಟೇ.

"ಅಂಕಲ್, ಇವನು ನಿಮಗೆ ಏನು ಮಾಡಿದ್ದ?"

ಅದನ್ನು ಎತ್ತಿಕೊಂಡು ತನ್ನ ಹೊಸ ಬಟ್ಟೆಯಲ್ಲೇ ಸುತ್ತಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗೆ ಅಳುತ್ತಿದ್ದದ್ದು ಕೇಳುತ್ತಿತ್ತು. ಇವಳು ನೆಲದ ಮೇಲಿನ ಹಳದಿ ರಾಶಿಯನ್ನೂ ನನ್ನನ್ನೂ ನೋಡಿ, "ಕೂದಲು ಕಂಡ್ರೆ ನಿಮ್ಮ ಕೈ ಸುಮ್ನಿರಲ್ವಾ?" ಎಂದಳು. ಪೊರಕೆ ನಾನೇ ತಂದೆ.

ಏಪ್ರಿಲ್ 12

ಮನೆಯಲ್ಲಿ ಮಾತಿಲ್ಲ. ಸೀನು ಮಾತ್ರ ಇದೆ, ನಿನ್ನೆಗಿಂತ ಜಾಸ್ತಿ. ಕಟಿಂಗ್ ಚೆನ್ನಾಗಿಯೇ ಆಗಿದೆ. ಅದನ್ನು ಯಾರೂ ಹೇಳುತ್ತಿಲ್ಲ.

ಏಪ್ರಿಲ್ 14

ಡಾಕ್ಟರಮ್ಮ ಇವತ್ತು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕರು. ನಗುವುದು ಮುಗಿಯುವವರೆಗೆ ನಾನು ಗೋಡೆಯ ಮೇಲಿನ ಶ್ವಾಸಕೋಶದ ಚಿತ್ರ ನೋಡುತ್ತಾ ಕೂತೆ.

"ಕೂದಲಿಂದ ಅಲ್ಲ ಸ್ವಾಮೀ. ಅದು ಮೈ ನೆಕ್ಕುತ್ತಲ್ಲ, ಆ ಜೊಲ್ಲು ಒಣಗಿ ಪುಡಿಯಾಗುತ್ತೆ. ಜೊತೆಗೆ ಚರ್ಮದ ಹೊಟ್ಟು. ಎರಡೂ ಗಾಳೀಲಿ ಹಾರಿ ನಿಮ್ಮ ಮೂಗಿಗೆ ಬರುತ್ತೆ. ನೀವು ಬೋಳಿಸಿ ಅದಕ್ಕೆ ದಾರಿ ಸಲೀಸು ಮಾಡಿಕೊಟ್ರಿ."

ಹೊಟ್ಟು. ತಲೆಹೊಟ್ಟಿನ ಬಗ್ಗೆ ಈ ಬೀದಿಗೇ ಪಾಠ ಹೇಳಿದವನು ನಾನು. ಬೆಕ್ಕಿಗೂ ಹೊಟ್ಟು ಬರುತ್ತದೆ ಎಂದು ಹೊಳೆಯಲೇ ಇಲ್ಲ. ಹೋದ ಸಲ ಅವರು ಇದನ್ನೇ ಹೇಳಲು ಹೊರಟಿದ್ದರು, ನಾನು ಕೈ ಅಡ್ಡ ಹಿಡಿದಿದ್ದೆ. ಈ ಸಲ ಬಾಯಿ ಮುಚ್ಚಿ ಕೇಳಿದೆ. ಮಲಗುವ ಕೋಣೆಗೆ ಬೆಕ್ಕು ಕಾಲಿಡಬಾರದು. ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಗುಡಿಸುವುದು ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಪರದೆ, ಜಮಖಾನೆ ಇದ್ದರೆ ತೆಗೆಯಬೇಕು. ಬೆಕ್ಕಿನ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಒರೆಸುವವನು ನಾನಾಗಬಾರದು. ಇದನ್ನೆಲ್ಲ ಮನೆಯಲ್ಲಿ ಯಾರಿಗೂ ತಿಳಿಯದ ಹಾಗೆ ಮಾಡುವುದು ಹೇಗೆ ಎಂದು ಯೋಚಿಸುತ್ತಾ ಎದ್ದೆ.

"ಇನ್ನೊಂದು ಮಾತು" ಎಂದು ತಡೆದರು. "ಸೀನಾದ್ರೆ ಹೇಗೋ ತಡ್ಕೋಬಹುದು. ಎದೆಯಲ್ಲಿ ಗುಯ್‌ಗುಡೋ ಸದ್ದು ಶುರುವಾದ್ರೆ ನಾನು ಸುಮ್ನಿರಲ್ಲ. ಆಮೇಲೆ ಬೆಕ್ಕು ಹೋಗ್ಬೇಕಾಗುತ್ತೆ."

ಏಪ್ರಿಲ್ 17

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಮಧ್ಯಾಹ್ನ ಮೇಷ್ಟ್ರು ಶೇವಿಂಗ್‌ಗೆ ಬಂದಿದ್ದರು. ನನಗೆ ಮಗ್ಗಿ ಕಲಿಸಿದವರು, ಈಗ ನಿವೃತ್ತರು, ನನ್ನನ್ನು ಬಿಟ್ಟು ಬೇರೆಯವರ ಕೈಗೆ ಗಲ್ಲ ಕೊಟ್ಟವರಲ್ಲ. ಕಚಗುಳಿ ಬಂತು, ಕೈ ಎತ್ತಿದೆ. ಅದೇ ಹೊತ್ತಿಗೆ ಅವರು ಏನೋ ಹೇಳಲು ಮುಖ ತಿರುಗಿಸಿದರು. ಗಲ್ಲದ ಮೇಲೆ ಸಣ್ಣ ಕೆಂಪು ಗೆರೆ ಮೂಡಿತು.

ಪಟಿಕದ ಕಲ್ಲು ಒತ್ತಿ ಹಿಡಿದೆ. ರಕ್ತ ಕೂಡಲೇ ನಿಂತಿತು. ಮೇಷ್ಟ್ರು ಕನ್ನಡಿಯಲ್ಲಿ ನನ್ನ ಕಣ್ಣುಗಳನ್ನೇ ನೋಡುತ್ತಿದ್ದರು.

"ಏನಯ್ಯಾ, ಬೀದೀಲಿ ಜನ ಮಾತಾಡ್ಕೋತಿದ್ರು, ನಾನು ನಂಬಿರಲಿಲ್ಲ. ಮದುವೆ ಆದ್ಮೇಲೆ ಕುಡಿಯೋಕೆ ಶುರು ಮಾಡಿದ್ದೀಯಂತೆ?"

ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ ನಾನು. ಪಟಿಕ ಕೆಳಗಿಟ್ಟು ತಿರುಗಿದೆ. ಬಾಗಿಲಲ್ಲಿ ಹುಡುಗಿ ನಿಂತಿದ್ದಳು. ಇವಳು ಹೊಲಿಯುವ ಪರದೆ ಅಂಗಡಿಯಲ್ಲಿ ಕೆಲಸ ಜಾಸ್ತಿ ಇದ್ದುದರಿಂದ ನನ್ನ ಊಟದ ಡಬ್ಬಿಯನ್ನು ಅವಳ ಕೈಯಲ್ಲಿ ಕಳಿಸಿದ್ದಳು.

"ಅವರು ಕುಡಿಯಲ್ಲ" ಎಂದಳು ಹುಡುಗಿ. "ಅವರಿಗೆ ಬೆಕ್ಕು ಆಗಲ್ಲ. ಬೆಕ್ಕು ನಂದು. ಕೇಳೋದಿದ್ರೆ ನನ್ನ ಕೇಳಿ."

ಮೇಷ್ಟ್ರು ಸೋಪಿನ ನೊರೆಯೊಳಗೇ ಬಾಯಿ ತೆರೆದರು. "ಯಾರಯ್ಯಾ ಈ ಹುಡುಗಿ?"

"ನಮ್ಮನೆ ಹುಡುಗಿ" ಎಂದೆ.

ಅವರು ಹೋದ ಮೇಲೆ ಅವಳು ಕಾಯುವವರ ಬೆಂಚಿನ ಮೇಲೆ ಕೂತಳು. "ನಾನು ಬಂದ ವಾರದಿಂದಲೇ ನೋಡ್ತಿದ್ದೀನಿ. ಅವನು ಹತ್ತಿರ ಬಂದ್ರೆ ಸೀನ್ತೀರಾ, ಹೋದ್ರೆ ನಿಲ್ಲುತ್ತೆ. ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹೊರಟುಬಿಡ್ತೀಯಲ್ಲ."

"ಅದಕ್ಕೆ ಅವನ ಕೂದಲು ತೆಗೆದ್ರಾ?"

"ಹ್ಞೂಂ."

ಡಬ್ಬಿಯ ಮುಚ್ಚಳ ತಿರುಗಿಸುತ್ತಾ, "ನನ್ನ ಕೇಳ್ಬೇಕಿತ್ತು" ಎಂದಳು. ಅದು ನಿಜ. ಗಿರಾಕಿಯನ್ನು ಕೇಳದೆ ನಾನು ಎಂದೂ ಕತ್ತರಿ ಹಾಕಿದವನಲ್ಲ. ಹಾಗಂತ ಅವಳಿಗೂ ಹೇಳಿದೆ. ಮೇಷ್ಟ್ರ ಗಲ್ಲದ ಗೆರೆ ಇನ್ನೂ ಕಣ್ಣ ಮುಂದೆಯೇ ಇದೆ.

ಏಪ್ರಿಲ್ 18

ಬೆಳಿಗ್ಗೆ ಟೀ ಕುಡಿಯುವಾಗ ಹುಡುಗಿ ಎದುರಿಗೆ ಬಂದು ಕೂತಳು. "ಡಾಕ್ಟ್ರು ಏನೇನು ಹೇಳಿದ್ರು? ಒಂದೂ ಬಿಡದೆ ಹೇಳಿ."

ಎಲ್ಲ ಹೇಳಿದೆ. ಎದೆಯ ಸದ್ದಿನ ಮಾತು ಬಿಡೋಣ ಎಂದುಕೊಂಡಿದ್ದೆ, "ಇನ್ನೊಂದೇನೋ ಇದೆ" ಎಂದು ಅದನ್ನೂ ಬಿಡಿಸಿಕೊಂಡಳು. ಇವಳು ಒಲೆಯ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಹೊಸ ಪೌಡರಿನ ವಿಷಯ ಮಾತ್ರ ಎತ್ತಲಿಲ್ಲ, ಆ ಮಟ್ಟಿಗೆ ದೊಡ್ಡ ಮನಸ್ಸು.

ಮಧ್ಯಾಹ್ನದ ಹೊತ್ತಿಗೆ ಪರದೆಗಳು ಇಳಿದವು. ಮದುವೆಯಾಗಿ ಬಂದ ಮೇಲೆ ಇವಳು ರಾತ್ರಿ ಹಗಲು ಕೂತು ಹೊಲಿದ ನೀಲಿ ಪರದೆಗಳು. ಅಂಚಿನ ಹೊಲಿಗೆ ಎಷ್ಟು ನೇರ ಎಂದು ಬಂದವರಿಗೆಲ್ಲ ನಾನು ಎಳೆದು ತೋರಿಸುತ್ತಿದ್ದೆ. ಇವಳೇ ಸ್ಟೂಲ್ ಹತ್ತಿ ಬಿಚ್ಚಿದಳು, ಮಡಿಸಿದಳು, ಪೆಟ್ಟಿಗೆಯಲ್ಲಿಟ್ಟಳು. "ಬೇಜಾರಾಯ್ತಾ?" ಎಂದು ಕೇಳಿದೆ. "ಪರದೆ ಇನ್ನೊಂದು ಹೊಲೀಬಹುದು" ಎಂದಳು. ಬರಿಯ ಕಿಟಕಿಯಿಂದ ಬೆಳಕು ಒಳಗೆಲ್ಲ ಬಿದ್ದು ಮನೆ ದೊಡ್ಡದಾದ ಹಾಗೆ ಕಂಡಿತು.

ಏಪ್ರಿಲ್ 25

ಮನೆಯಲ್ಲೀಗ ಮಿಲಿಟರಿ ಆಡಳಿತ. ಅಧಿಕಾರಿಗೆ ವಯಸ್ಸು ಹನ್ನೆರಡು.

ಅಂಗಡಿಯಿಂದ ಬಂದವನು ನೇರ ಬಚ್ಚಲಿಗೆ ಹೋಗಿ ಮುಖ ತೊಳೆಯಬೇಕು, ಬಟ್ಟೆ ಬದಲಾಯಿಸಬೇಕು. ಸೋಫಾಕ್ಕೆ ಹಳೆಯ ಬೆಡ್‌ಶೀಟ್ ಹೊದಿಸಿ ಎರಡು ಭಾಗ ಮಾಡಿದ್ದಾಳೆ, ಕಿಟಕಿಯ ಕಡೆಯದು ನನ್ನದು, ಗೋಡೆಯ ಕಡೆಯದು ದೊರೆಯದು. ದಿನಾ ಬೆಳಿಗ್ಗೆ ಹೊರಗಿನ ಮೆಟ್ಟಿಲ ಮೇಲೆ ಅವನ ಮೈ ಒರೆಸುತ್ತಾಳೆ. ಮಂತ್ರಿಗೆ ಕಪಾಳಕ್ಕೆ ಹೊಡೆದರೆ ಹೇಗೋ ಹಾಗಿರುತ್ತದೆ ಅವನ ಮುಖ.

"ಮಾತ್ರೆ ತಗೊಂಡ್ರಾ?"

"ತಗೊಂಡೆ."

"ಹಾಳೆ ತೋರಿಸಿ."

ಖಾಲಿಯಾದ ಮಾತ್ರೆಯ ಹಾಳೆ ತೋರಿಸಿದೆ. ನನ್ನ ತಾಯಿಗೂ ನಾನು ಇಷ್ಟು ಲೆಕ್ಕ ಒಪ್ಪಿಸಿರಲಿಲ್ಲ. ಅಂಗಡಿಯಲ್ಲಿ ಬಂದವರಿಗೆಲ್ಲ ಹೇಳಿದೆ, ಅವರಿಗೇನು ಗೊತ್ತು ಬೆಕ್ಕಿನ ಹೊಟ್ಟಿನ ವಿಷಯ. ಹನ್ನೆರಡು ವರ್ಷದ ಹುಡುಗಿ ಇಷ್ಟು ಅಚ್ಚುಕಟ್ಟಾಗಿ ಮನೆ ನಡೆಸುವುದನ್ನು ಎಲ್ಲಾದರೂ ನೋಡಿದ್ದೀರಾ ಎಂದು ಕೇಳಿದೆ. ಯಾರೂ ನೋಡಿರಲಿಲ್ಲ. ಸೀನು ಅರ್ಧಕ್ಕರ್ಧ ಇಳಿದಿದೆ.

ಮೇ 2

ದೊರೆಯ ಕೂದಲು ಒಂದು ಹದಕ್ಕೆ ಬೆಳೆದಿದೆ. ಬೆನ್ನಿನ ಮೇಲೆ ಚೆನ್ನಾಗಿ ಬರುತ್ತಿದೆ, ಹೊಟ್ಟೆಯ ಕಡೆ ನಿಧಾನ. ಬೆಳವಣಿಗೆ ಸಮವಾಗಿದೆಯೇ ಎಂದು ಆಗಾಗ ಮುಟ್ಟಿ ನೋಡಬೇಕಾಗುತ್ತದೆ. ಕೆಲಸ ಮಾಡಿದವನು ಕೊನೆಯವರೆಗೆ ನೋಡಿಕೊಳ್ಳಬೇಕು, ಅದು ವೃತ್ತಿಯ ಧರ್ಮ. ಬೇರೇನೂ ಇಲ್ಲ. ಆಮೇಲೆ ಕೈ ತೊಳೆದುಕೊಳ್ಳುತ್ತೇನೆ.

ಇವತ್ತು ಹಾಗೆ ನೋಡುವಾಗ ಅವನು ತೊಡೆಯ ಮೇಲೆ ಹತ್ತಿ ಕೂತ. ಗೊರಗೊರ ಶುರು ಮಾಡಿದ. ಮಲಗಿದವನನ್ನು ಎಬ್ಬಿಸುವುದು ಒಳ್ಳೆಯ ನಡತೆಯಲ್ಲ, ಟೀ ಆರಿದರೂ ಹಾಗೇ ಕೂತಿದ್ದೆ.

ಮೇ 9

ಅಂಗಡಿಗೆ ರಜೆ. ಊಟ ಮುಗಿಸಿ ಸೋಫಾದ ಮೇಲೆ ಅಡ್ಡಾಗಿದ್ದೆ. ಮನೆಯಲ್ಲಿ ಯಾರೂ ಇರಲಿಲ್ಲ. ದೊರೆ ಬಂದು ನನ್ನ ಎದೆಯ ಮೇಲೆ ಮಲಗಿದ. ಎರಡು ನಿಮಿಷ ಇರಲಿ ಎಂದುಕೊಂಡೆ. ಎಚ್ಚರವಾದಾಗ ಬಿಸಿಲು ಇಳಿದಿತ್ತು, ಅವನಿನ್ನೂ ಮಲಗಿದ್ದ, ನನ್ನ ಎದೆಯೊಳಗಿಂದ ಸೀಟಿ ಊದಿದ ಹಾಗೆ ಸದ್ದು ಬರುತ್ತಿತ್ತು. ಎದ್ದು ಕೂತರೂ ಉಸಿರು ಪೂರ್ತಿ ಒಳಗೆ ಹೋಗುತ್ತಿರಲಿಲ್ಲ. ಹೆದರಿದೆ ಎಂದು ಬರೆಯಲು ನನಗೆ ಇಷ್ಟವಿಲ್ಲ. ಹೆದರಿದ್ದೆ.

ತಾಯಿ ಮಗಳು ಬಂದವರು ಆಟೋದಲ್ಲಿ ಕರೆದುಕೊಂಡು ಹೋದರು. ಡಾಕ್ಟರಮ್ಮ ಎದೆಗೆ ಯಂತ್ರವಿಟ್ಟು ಕೇಳಿ, ಇನ್ಹೇಲರ್ ಸೇದಿಸಿದರು. ಸ್ವಲ್ಪ ಹೊತ್ತಿಗೆ ಉಸಿರು ಸಲೀಸಾಯಿತು. ಈ ಸಲ ಅವರು ನಗಲಿಲ್ಲ.

"ಇಷ್ಟು ಚೆನ್ನಾಗಿ ಹಿಡಿತಕ್ಕೆ ಬಂದಿತ್ತಲ್ಲ. ಇವತ್ತು ನಿಯಮ ತಪ್ಪಿದ್ದು ಯಾರು?"

ನಾನು ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡಿದೆ. ಹುಡುಗಿ ನನ್ನ ಅಂಗಿಯ ಎದೆಯ ಭಾಗವನ್ನು ನೋಡುತ್ತಿದ್ದಳು. ಅಲ್ಲಿ ಹಳದಿ ಕೂದಲು ಅಂಟಿತ್ತು.

"ನಾನು ಬಾಗಿಲು ಸರಿಯಾಗಿ ಹಾಕಿರಲಿಲ್ಲ ಡಾಕ್ಟ್ರೇ" ಎಂದಳು.

"ಇನ್ನೊಂದು ಸಲ ಹೀಗಾದ್ರೆ ಬೆಕ್ಕು ಹೋಗ್ಲೇಬೇಕು ಪುಟ್ಟಾ. ಅರ್ಥ ಆಯ್ತಾ?"

"ಆಯ್ತು."

ನನ್ನ ತಪ್ಪನ್ನು ಇನ್ನೊಬ್ಬರು ಹೊತ್ತದ್ದು ಇದೇ ಮೊದಲು. ನಾಚಿಕೆಯಾಯಿತು. ಅದರ ಜೊತೆಗೆ, ಹೇಗೆ ಬರೆಯುವುದೋ ಗೊತ್ತಿಲ್ಲ, ಹೆಮ್ಮೆಯೂ ಆಯಿತು. ಅಷ್ಟು ದೊಡ್ಡ ಡಾಕ್ಟರ ಮುಂದೆ ಒಂದಿಷ್ಟೂ ಅಳುಕದೆ ನನ್ನನ್ನು ಕಾಪಾಡಿದಳು.

ಆದರೆ ಮನೆಗೆ ಬಂದ ಮೇಲೆ ಅವಳು ಮಂಚದ ಕೆಳಗಿನಿಂದ ದೊರೆಯನ್ನು ಕರೆತಂದ ಬುಟ್ಟಿಯನ್ನು ಎಳೆದು, ಧೂಳು ಒರೆಸಿ, ಬಾಗಿಲ ಪಕ್ಕದಲ್ಲಿಟ್ಟಳು.

"ಇದ್ಯಾಕೆ?" ಎಂದೆ.

"ಅಜ್ಜಿ ಬಂದಾಗ ಬೇಕಾಗ್ಬಹುದು."

"ನೀನು?"

ಬುಟ್ಟಿಯ ಮುಚ್ಚಳ ಒತ್ತಿ ಹಾಕಿ ಒಳಗೆ ಹೋದಳು. ಅಡಿಗೆಮನೆಯಲ್ಲಿ ಇವಳು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ಮೇ 10

ಮುಟ್ಟಲಿಲ್ಲ.

ಮೇ 11

ಇವತ್ತೂ ಮುಟ್ಟಲಿಲ್ಲ. ಅವನೇ ಬಂದು ಕಾಲಿಗೆ ಮೈ ಉಜ್ಜಿದ. ಅದಕ್ಕೆ ನಾನು ಹೊಣೆಯಲ್ಲ. ಕಾಲು ತೊಳೆದುಕೊಂಡೆ.

ಮೇ 13

ದೂರದಿಂದ ಮಾತಾಡಿಸಿದೆ. ಮಾತಾಡಿಸುವುದಕ್ಕೆ ಡಾಕ್ಟರಮ್ಮನ ಅಡ್ಡಿಯಿಲ್ಲ.

ಮೇ 16

ದೊರೆಯ ಕಂಕುಳಲ್ಲಿ ಕೂದಲು ಗಂಟು ಕಟ್ಟಿದೆಯಂತೆ. ಹುಡುಗಿ ಬಾಚಣಿಗೆ ಹಾಕಿ ಎಳೆದರೆ ಪರಚಿ ಓಡಿಹೋಗುತ್ತಾನೆ. ಕೈಯೆಲ್ಲ ಗೀರು. "ನಿಮಗೆ ಗೊತ್ತಿರುತ್ತಲ್ಲ, ಹೇಗೆ ಬಿಡಿಸೋದು?" ಎಂದು ಕೇಳಿದಳು.

ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು. ಅವಳನ್ನು ಹೊರಗೆ ಮೆಟ್ಟಿಲ ಮೇಲೆ ಕೂರಿಸಿದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿಕೊಂಡು ನಾನು ಮೂಗಿಗೆ ಬಟ್ಟೆ ಕಟ್ಟಿ ಗಾಳಿ ಬರುವ ದಿಕ್ಕಿನಲ್ಲೇ ದೂರ ನಿಂತೆ. ಗಂಟನ್ನು ಬುಡದಿಂದ ಎಳೆಯಬಾರದು, ತುದಿಯಿಂದ ಬಿಡಿಸುತ್ತಾ ಬುಡಕ್ಕೆ ಬರಬೇಕು. ಎಡಗೈ ಬೆರಳಲ್ಲಿ ಬುಡವನ್ನು ಅದುಮಿ ಹಿಡಿದರೆ ನೋವು ಚರ್ಮಕ್ಕೆ ತಾಗುವುದಿಲ್ಲ. ಬಾಚಣಿಗೆಯ ತೂಕವೇ ಕೆಲಸ ಮಾಡಬೇಕು, ತೋಳು ಮಾಡಬಾರದು. ನನ್ನಪ್ಪ ನನಗೆ ಇದನ್ನು ಹೇಳಿಕೊಟ್ಟಾಗ ನಾನು ಒಂದು ತಿಂಗಳು ತೆಗೆದುಕೊಂಡಿದ್ದೆ. ಹುಡುಗಿ ಮೂರನೆಯ ಗಂಟಿಗೇ ಹಿಡಿದುಬಿಟ್ಟಳು. ದೊರೆ ಕಣ್ಣು ಮುಚ್ಚಿ ಕೂತಿದ್ದ.

"ಸರೀನಾ?" ಎಂದು ತಿರುಗಿ ಕೇಳಿದಳು.

"ಮಣಿಕಟ್ಟು ಇನ್ನೂ ಸಡಿಲ ಬಿಡು."

ಬಿಟ್ಟಳು. ಆ ಕೈ ನೋಡುತ್ತಾ ನಿಂತೆ. ಎಂಥ ಹದವಾದ ಕೈ. ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುತ್ತಾ ಏನು ನೋಡುತ್ತಿದ್ದೀರಿ ಎಂದು ಕೇಳಿದರು. "ಮಗಳು ಬಾಚ್ತಿದ್ದಾಳೆ, ನೋಡಿ ಹೇಗೆ ಹಿಡಿದಿದ್ದಾಳೆ. ಕಲಿಸಿದ್ದು ನಾನೇ" ಎಂದೆ.

ಮೇ 20

ಮೇಷ್ಟ್ರಿಗೆ ಶೇವಿಂಗ್ ಮಾಡಿದೆ. ಗಲ್ಲದ ಮಚ್ಚೆಯ ಸುತ್ತ, ಕುತ್ತಿಗೆಯ ಮಡಿಕೆ, ಮೂಗಿನ ಕೆಳಗಿನ ಇಕ್ಕಟ್ಟು, ಎಲ್ಲ ಕಡೆ ಕತ್ತಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಒಂದೂ ಸೀನಿಲ್ಲ. ಅವರು ಕೆನ್ನೆ ಸವರಿಕೊಂಡು, "ಹಳೇ ಕೈ ವಾಪಸ್ ಬಂತಲ್ಲಯ್ಯಾ. ಏನು ಔಷಧಿ?" ಎಂದರು. ಔಷಧಿಯ ಕಥೆ ಪೂರ್ತಿ ಹೇಳಿದೆ. ಒರೆಸುವ ಬಟ್ಟೆಯಿಂದ ಹಿಡಿದು ಬಾಚಣಿಗೆಯವರೆಗೆ ಹೇಳಿ ಮುಗಿಸುವಷ್ಟರಲ್ಲಿ ಮೇಷ್ಟ್ರು ಎರಡು ಸಲ ಗಡಿಯಾರ ನೋಡಿದರು.

ಡಾಕ್ಟರಮ್ಮನೂ ಎದೆ ಶುಭ್ರವಾಗಿದೆ ಎಂದರು. ಹೀಗೇ ಇದ್ದರೆ ಬೆಕ್ಕು ಇರಬಹುದಂತೆ. ಮನೆಗೆ ಬಂದು ಹುಡುಗಿಗೆ ಹೇಳಿದೆ. ತಲೆಯಾಡಿಸಿದಳು. ಬುಟ್ಟಿ ಮಾತ್ರ ಬಾಗಿಲ ಪಕ್ಕದಲ್ಲೇ ಇದೆ.

ಮೇ 28

ಅತ್ತೆ, ಅಂದರೆ ಹುಡುಗಿಯ ಅಜ್ಜಿ, ಬೆಳಗಿನ ಬಸ್ಸಿಗೆ ಬಂದರು. ನನಗೂ ಅವರಿಗೂ ವಯಸ್ಸಿನಲ್ಲಿ ಅಂಥ ಅಂತರವಿಲ್ಲ, ಆದರೂ ಅವರ ಮುಂದೆ ನನಗೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಬರಿಯ ಕಿಟಕಿ, ಒದ್ದೆ ನೆಲ, ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ಒಣಹಾಕಿದ ಬಟ್ಟೆ ನೋಡಿ, "ಇದೇನು ಮನೆಯೋ ಆಸ್ಪತ್ರೆಯೋ?" ಎಂದರು. ಅರ್ಧ ಬೆಳೆದ ದೊರೆಯನ್ನು ಕಂಡು, "ಇದಕ್ಕೇನು ಬಂತು ರೋಗ?" ಎಂದರು. ಆಮೇಲೆ ಕಪಾಟಿನ ಮೇಲಿದ್ದ ಇನ್ಹೇಲರ್ ಕಂಡಿತು. ತಮ್ಮ ಮಗಳಿಂದ ಎಲ್ಲ ಕೇಳಿ ತಿಳಿದುಕೊಂಡರು.

ಟೀ ಮುಗಿಸಿ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಅಳಿಯಂದ್ರೇ, ನಿಮ್ಮದು ದೊಡ್ಡ ಮನಸ್ಸು, ಅದನ್ನ ಮರೆಯಲ್ಲ. ಆದ್ರೆ ಉಸಿರು ಕಟ್ಟಿಸ್ಕೊಂಡು ಬಾಳೋದು ಯಾವ ನ್ಯಾಯ? ಇವಳನ್ನೂ ಬೆಕ್ಕನ್ನೂ ಕರ್ಕೊಂಡು ಹೋಗ್ತೀನಿ. ಮೊದಲಿನ ಹಾಗೇ ಇರ್ಲಿ."

ಇವಳು ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ಈ ಗಳಿಗೆಗೆಂದು ನಾನು ಭಾಷಣ ಸಿದ್ಧ ಮಾಡಿಟ್ಟುಕೊಂಡಿದ್ದೆ. ನನ್ನ ಎದೆ ಶುಭ್ರ, ಬೆಕ್ಕಿಗೂ ನನಗೂ ರಾಜಿಯಾಗಿದೆ, ಶಾಲೆ ಇಲ್ಲಿಂದ ಕೂಗಳತೆಯ ದೂರ. ಅದೆಲ್ಲ ಮರೆತೇ ಹೋಯಿತು. ಅವಳು ಹೋದರೆ ಈ ಮನೆಯಲ್ಲಿ ನಾನು ಹೇಗಿರುವುದು ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಹೆಂಡತಿಗೋಸ್ಕರ ಎಂದು ಶುರು ಮಾಡಿದ್ದು ಯಾವಾಗ ನನಗೋಸ್ಕರ ಆಯಿತೋ ಗೊತ್ತಿಲ್ಲ. ಕೊನೆಗೆ, "ನಿನ್ನ ಇಷ್ಟ ಹೇಗೋ ಹಾಗೆ ಪುಟ್ಟಾ" ಎಂದೆ.

"ನಾನು ಬರಲ್ಲ ಅಜ್ಜಿ" ಎಂದಳು ಹುಡುಗಿ.

"ಬೆಕ್ಕು?"

"ಅವನನ್ನ ನಿನ್ನ ಜೊತೆ ಕಳಿಸೋಣ, ನಾನೊಬ್ಬಳೇ ಇಲ್ಲಿ ಇರೋಣ ಅಂತಲೇ ಬುಟ್ಟಿ ಒರೆಸಿಟ್ಟಿದ್ದೆ. ಆದ್ರೆ ಅವನು ಹೋದ್ರೆ ಇವರು ಅಳ್ತಾರೆ."

"ಯಾರು ಅಳ್ತಾರೆ?"

"ಇವರು." ಗದ್ದ ಎತ್ತಿ ನನ್ನ ಕಡೆ ತೋರಿಸಿದಳು. "ಯಾರೂ ಇಲ್ಲದಾಗ ಅವನನ್ನ ತೊಡೆ ಮೇಲೆ ಹಾಕ್ಕೊಂಡು ಕೂರ್ತಾರೆ. ಕೇಳಿದ್ರೆ ಕೂದಲು ನೋಡ್ತಿದ್ದೆ ಅಂತಾರೆ. ಆವತ್ತು ಎದೆ ಮೇಲೆ ಮಲಗಿಸ್ಕೊಂಡು ಉಸಿರು ಕಟ್ಟಿಸ್ಕೊಂಡ್ರು. ಈಗ ಮುಟ್ಟಲ್ಲ, ಆದ್ರೆ ದಿನಾ ಕಿಟಕಿ ಹತ್ತಿರ ಕೂತು ಅವನ ಜೊತೆ ಅಂಗಡಿ ಸಮಾಚಾರ ಎಲ್ಲ ಮಾತಾಡ್ತಾರೆ. ಡಾಕ್ಟ್ರು ಹೇಳಿದ್ರೆ ಕೇಳಲ್ಲ, ಅಮ್ಮ ಹೇಳಿದ್ರೂ ಕೇಳಲ್ಲ. ನಾನು ಹೇಳಿದ್ರೆ ಮಾತ್ರ ಕೇಳ್ತಾರೆ. ನಾನು ಹೊರಟುಹೋದ್ರೆ ಇವರನ್ನ ಯಾರು ನೋಡ್ಕೋತಾರೆ?"

ಇವಳು ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಭುಜ ಮಾತ್ರ ಅಲುಗುತ್ತಿತ್ತು.

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹೌದೇನ್ರೀ?"

ನನ್ನ ಸ್ವಂತ ಮನೆಯಲ್ಲಿ, ಅತ್ತೆಯ ಎದುರಿಗೆ, ನನ್ನ ಮಾನ ಮೂರು ಕಾಸಿಗೆ ಹೋಯಿತು. ಬೇರೆ ಯಾರಾದರೂ ಹೀಗೆ ಮಾತಾಡಿದ್ದರೆ ಅಂಗಡಿಯಿಂದಲೇ ಇಳಿಸಿ ಕಳಿಸುತ್ತಿದ್ದೆ. ಆದರೆ ನನ್ನ ಬಗ್ಗೆ ಇಷ್ಟು ಗಮನವಿಟ್ಟು ಈ ಜಗತ್ತಿನಲ್ಲಿ ಯಾರು ತಾನೇ ನೋಡಿದ್ದಾರೆ. ಮೈ ಬೆಚ್ಚಗಾಯಿತು. ಕುರ್ಚಿಯಲ್ಲಿ ನೆಟ್ಟಗೆ ಕೂತೆ.

"ಹೌದು ಅತ್ತೆ" ಎಂದೆ. "ನನ್ನ ಮಗಳು ಹೇಳಿದ್ರೆ ನಾನು ಕೇಳ್ತೀನಿ."

ಮಗಳು ನನ್ನ ತೋಳಿಗೆ ಅಂಟಿದ್ದ ಹಳದಿ ಕೂದಲಿನ ಮೇಲೆ ಕಣ್ಣು ಹಾಯಿಸಿ ಹುಬ್ಬು ಗಂಟಿಕ್ಕಿದಳು. "ಇವತ್ತು ಮತ್ತೆ ಎತ್ಕೊಂಡಿದ್ರಾ? ಎದ್ದು ಹೋಗಿ ಮೊದಲು ಆ ಅಂಗಿ ಬದಲಾಯಿಸ್ಕೊಂಡು ಬನ್ನಿ."

ಎದ್ದೆ. ಅತ್ತೆ ನೋಡುತ್ತಿದ್ದರು. ನೋಡಲಿ ಎಂದೇ ಅವರ ಮುಂದಿನಿಂದ ನಿಧಾನವಾಗಿ ನಡೆದುಹೋಗಿ ಅಂಗಿ ಬದಲಾಯಿಸಿಕೊಂಡು ಬಂದೆ.